ಐದರಲ್ಲಿ ಎರಡೇ ತಂದ ಮಗಳಿಗೆ

ಪುಟ್ಟಿ,

ಮೊನ್ನೆ ಭಾನುವಾರ ನೀನು ಅಂಗಡಿಯಿಂದ ಬಂದಾಗ ಬೈದೆನಲ್ಲ, ಅದು ನನ್ನ ತಲೆಯಿಂದ ಹೋಗ್ತಾನೇ ಇಲ್ಲ. ಮಂಡಾಳು, ಪುಟಾಣಿ, ಹಸಿಮೆಣಸಿನಕಾಯಿ, ಹುಣಸೆಹಣ್ಣು, ಶೇಂಗಾ ಅಂತ ಐದು ಹೇಳಿ ಕಳಿಸಿದ್ದೆ. ನೀನು ತಂದಿದ್ದು ಮಂಡಾಳು, ಪುಟಾಣಿ ಎರಡೇ. "ನಿನಗೆ ಲಕ್ಷ್ಯವೇ ಇಲ್ಲ" ಅಂದುಬಿಟ್ಟೆ. ಆದರೆ ನೀನು ಹೋಗುವಾಗ ನಾನು ಬಾಗಿಲಲ್ಲಿ ನಿಂತು ನೋಡಿದ್ದೆ ನೋಡವ್ವ, ಗವಿಮಠದ ರಸ್ತೆಗೆ ತಿರುಗುವ ತನಕ ನಿನ್ನ ತುಟಿ ಅಲ್ಲಾಡ್ತಾನೇ ಇತ್ತು, ಐದೂ ಹೆಸರು ಹೇಳಿಕೊಳ್ಳುತ್ತಾ ಹೋದೆ. ಲಕ್ಷ್ಯ ಇಲ್ಲದವರು ಹಾಗೆ ಮಾಡ್ತಾರಾ?

ಈಗಷ್ಟೇ ಕೇಳಿದ್ದನ್ನು ಸ್ವಲ್ಪ ಹೊತ್ತು ಹಿಡಿದಿಟ್ಟುಕೊಳ್ಳುವ ನೆನಪಿಗೆ ಅಲ್ಪಾವಧಿ ನೆನಪು ಅಂತಾರೆ. ಅದು ಬೊಗಸೆ ಇದ್ದ ಹಾಗೆ. ಹಿಡಿಸೋದು ಸ್ವಲ್ಪವೇ. ಅಮೆರಿಕದ ಜಾರ್ಜ್ ಮಿಲ್ಲರ್ ಅನ್ನೋ ಮನಶ್ಶಾಸ್ತ್ರಜ್ಞರು 1956ರಲ್ಲಿ, ದೊಡ್ಡವರಿಗೂ ಒಂದು ಸಲಕ್ಕೆ ಸುಮಾರು ಏಳು ಸಂಗತಿ ಹಿಡಿಯಬಹುದು ಅಂತ ಬರೆದರು. 2001ರಲ್ಲಿ ನೆಲ್ಸನ್ ಕೋವನ್ ಅನ್ನೋ ಇನ್ನೊಬ್ಬ ಮನಶ್ಶಾಸ್ತ್ರಜ್ಞರು, ಏಳೂ ಜಾಸ್ತಿಯಾಯ್ತು, ನಿಜವಾಗಿ ನಾಲ್ಕರ ಆಸುಪಾಸು ಅಂದರು. ಮಕ್ಕಳ ಬೊಗಸೆ ಇನ್ನೂ ಚಿಕ್ಕದು. ನಾನು ಐದು ಸುರಿದೆ.

ಹೇಳಿಕೊಳ್ಳುತ್ತಾ ಇದ್ದರೆ ಬೊಗಸೆಯಲ್ಲಿದ್ದದ್ದು ಸೋರೋದಿಲ್ಲ. ನೀನಾಗಿಯೇ ಅದನ್ನು ಕಂಡುಕೊಂಡಿದ್ದೀಯ, ನಾನು ಕಲಿಸಿದ್ದಲ್ಲ. ಆದರೆ ಅಂಗಡಿಯಲ್ಲಿ ಯಾರೋ "ಎಷ್ಟನೇ ಕ್ಲಾಸು, ಮಾರ್ಕ್ಸ್ ಎಷ್ಟು" ಅಂತ ಕೇಳಿದರು, ನೀನು ನಿಂತು ಉತ್ತರ ಕೊಟ್ಟೆ ಅಂದೆ ಅಲ್ವಾ? ಅಲ್ಲೇ ಹೋಯ್ತು. 1959ರಲ್ಲಿ ಪೀಟರ್ಸನ್ ಅನ್ನೋ ಗಂಡ ಹೆಂಡತಿ ಕಾಲೇಜು ಹುಡುಗರಿಗೆ ಮೂರೇ ಮೂರು ಅಕ್ಷರ ಹೇಳಿ, ಕೂಡಲೇ ಒಂದು ಸಂಖ್ಯೆ ಕೊಟ್ಟು, ಅದರಿಂದ ಮೂರು ಮೂರು ಕಳೆಯುತ್ತಾ ಹಿಂದಕ್ಕೆ ಎಣಿಸೋಕೆ ಹಚ್ಚಿದರು. 18 ಸೆಕೆಂಡ್ ಆಗುವಷ್ಟರಲ್ಲಿ ಹೆಚ್ಚಿನ ಸಲ ಆ ಮೂರಕ್ಷರವೇ ಮರೆತುಹೋಗಿತ್ತು. ಕಾಲೇಜಿನವರಿಗೇ ಹಾಗಾದರೆ ನಿನ್ನದು ಯಾವ ತಪ್ಪು?

ಮಂಡಾಳು, ಪುಟಾಣಿ ಉಳಿದದ್ದಕ್ಕೂ ಕಾರಣ ಇದೆ. ಪಟ್ಟಿಯಲ್ಲಿ ಮೊದಲು ಬಂದದ್ದನ್ನು ನಾವು ಜಾಸ್ತಿ ಸಲ ಹೇಳಿಕೊಂಡಿರ್ತೀವಿ, ಅದು ಒಳಗೆ ಗಟ್ಟಿಯಾಗಿ ಕೂರುತ್ತೆ. ಕೊನೆಯದ್ದು ಬೊಗಸೆಯ ಮೇಲ್ತುದಿಯಲ್ಲೇ ಇರುತ್ತೆ, ನಡುವೆ ಯಾರಾದರೂ ಮಾತಾಡಿಸಿದರೆ ಚೆಲ್ಲಿಹೋಗುತ್ತೆ.

ನಾನು ಹೇಳಿದ ರೀತಿಯೇ ಸರಿ ಇರಲಿಲ್ಲ. ಐದು ಹೆಸರು ಬಿಡಿಬಿಡಿಯಾಗಿ ಹೇಳುವ ಬದಲು "ವಗ್ಗರಣಿ ಸಾಮಾನು ತಾ" ಅನ್ನಬೇಕಿತ್ತು. ನಾನು ವಗ್ಗರಣಿ ಮಾಡೋದನ್ನು ನೀನು ಒಲೆ ಪಕ್ಕ ಕೂತು ಎಷ್ಟು ಸಲ ನೋಡಿಲ್ಲ! ಮಂಡಾಳು ನೆನೆಸಿ ಹಿಂಡೋದು, ಎಣ್ಣೆಗೆ ಶೇಂಗಾ, ಮೆಣಸಿನಕಾಯಿ ಹಾಕೋದು, ಹುಣಸೆ ರಸ ಬಿಡೋದು, ಕೊನೆಗೆ ಪುಟಾಣಿ ಹಿಟ್ಟು ಉದುರಿಸೋದು. ಅದೆಲ್ಲ ನಿನ್ನ ಹಳೇ ನೆನಪಿನಲ್ಲಿ ಭದ್ರವಾಗಿದೆ. ಐದು ಕಾಳಿದ್ದದ್ದು ಒಂದೇ ಗಂಟಾಗುತ್ತೆ, ಬೊಗಸೆಯಲ್ಲಿ ಜಾಗ ಉಳಿಯುತ್ತೆ. ಅಪ್ಪನ ಮೊಬೈಲ್ ನಂಬರಿನ ಹತ್ತು ಅಂಕಿಯನ್ನು ಐದೈದಾಗಿ ಮುರಿದು ಹೇಳ್ತೀಯಲ್ಲ, ಅದೂ ಗಂಟು ಕಟ್ಟೋದೇ.

ಬೈದದ್ದಕ್ಕೆ ಬೇಜಾರು ಮಾಡ್ಕೋಬೇಡ, ತಪ್ಪು ನನ್ನದು. ಈ ಭಾನುವಾರ ವಗ್ಗರಣಿ ಜೊತೆ ಮಿರ್ಚಿನೂ ಮಾಡೋಣ. ಸಾಮಾನು ತರೋಕೆ ನೀನೇ ಹೋಗು. ಅಂಗಡಿಯಲ್ಲಿ ಯಾರಾದರೂ ಮಾತಾಡಿಸಿದರೆ ಮೊದಲು ಸಾಮಾನು ಹೇಳಿಬಿಡು, ಮಾರ್ಕ್ಸ್ ಆಮೇಲೆ ಹೇಳು.

ನಿನ್ನ ಅವ್ವ
ಕೊಪ್ಪಳ