ತರಗತಿ ಸಹಾಯಕಿಯರಾಗುವ ತಾಯಂದಿರ ಗಮನಕ್ಕೆ

ಬಳಗದ ಎಲ್ಲ ತಾಯಂದಿರಿಗೆ ನಮಸ್ಕಾರ. ಬಾಗಲಕೋಟೆಯ ಶಾಲೆಗಳಲ್ಲಿ, ಅದರಲ್ಲೂ ತಮ್ಮ ಮಕ್ಕಳು ಓದುವಲ್ಲಿಯೇ ತರಗತಿ ಸಹಾಯಕಿಯರಾಗಿ ಸೇರುತ್ತಿರುವವರು ದಯವಿಟ್ಟು ಇದನ್ನು ಗಮನಿಸಬೇಕು. ಸಣ್ಣ ತರಗತಿಗಳಿಗೆ ಚಟುವಟಿಕೆ, ಕಾರ್ಡುಗಳ ಮೂಲಕ ಕಲಿಸುವ ನಲಿಕಲಿ ಕೊಠಡಿಯಲ್ಲಿ ಮಕ್ಕಳು ಕಲಿಕೆಯ ಮಟ್ಟಕ್ಕೆ ತಕ್ಕಂತೆ ಗುಂಪುಗಳಲ್ಲಿ ಕೂರುವುದರಿಂದ, ನಿಮ್ಮ ಮಗುವಿಲ್ಲದ ಗುಂಪಿನ ಹೊಣೆಯನ್ನೇ ಕೊಡುವಂತೆ ಮುಖ್ಯೋಪಾಧ್ಯಾಯರಲ್ಲಿ ಮೊದಲೇ ವಿನಂತಿಸಿಕೊಳ್ಳಿ. ಅವ್ವ ಪಕ್ಕದಲ್ಲಿದ್ದರೆ ಮಗು ಕಾರ್ಡನ್ನು ತಾನೇ ಓದುವ ಬದಲು ಅವಳ ಮುಖ ನೋಡುತ್ತದೆ, ಉಳಿದ ಮಕ್ಕಳಲ್ಲಿಯೂ ಭೇದಭಾವದ ಅನುಮಾನ ಮೂಡುತ್ತದೆ. ಶಾಲೆಯಲ್ಲಿ ‘ಟೀಚರ್’ ಎನ್ನಲು ಮನೆಯಲ್ಲಿಯೇ ರೂಢಿ ಮಾಡಿಸಿ, ಆದರೆ ಮರೆತು ‘ಅವ್ವಾ’ ಎಂದರೆ ಎಲ್ಲರೆದುರು ಗದರಬೇಡಿ, ಸಣ್ಣ ಮಕ್ಕಳಿಗೆ ಅದು ಬಹಳ ನೋವು ಕೊಡುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆಯಂತೆ ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರೇ ಇರುತ್ತಾರೆ. ನೀವೂ ಸದಸ್ಯರಾಗಿದ್ದರೆ, ನಿಮ್ಮ ಗೌರವಧನದ ಚರ್ಚೆ ಬಂದಾಗ ಹೊರಗುಳಿಯುವುದು ಸರಿ. ಬೇರೆ ಮಕ್ಕಳ ಅಂಕಗಳನ್ನಾಗಲಿ ಮನೆಯ ಸಂಗತಿಗಳನ್ನಾಗಲಿ ನಮ್ಮ ಈ ಬಳಗದಲ್ಲಿ ಹಂಚಿಕೊಳ್ಳಕೂಡದು.