ಇಬಾದಾನ್ ಪ್ರವಾಸದ ಬಗ್ಗೆ ಪೋಷಕರಿಗೆ ಒಂದು ಪತ್ರ

ಆತ್ಮೀಯ ಪೋಷಕರೇ,

ನಮಸ್ಕಾರ. ಜುಲೈ ಕೊನೆಯಲ್ಲಿ ರಜೆ ಶುರುವಾದ ಮೊದಲ ಶನಿವಾರ ನಮ್ಮ ಭಾನುವಾರದ ಕನ್ನಡ ತರಗತಿಯ ದೊಡ್ಡ ಮಕ್ಕಳನ್ನು, ಅಂದರೆ ಏಳರಿಂದ ಹತ್ತನೇ ಕ್ಲಾಸಿನವರನ್ನು, ಲೇಗೋಸ್‌ನಿಂದ ಇಬಾದಾನ್‌ಗೆ ಕರೆದುಕೊಂಡು ಹೋಗುತ್ತಿದ್ದೇವೆ. ವಾಟ್ಸಾಪ್ ಗುಂಪಿನಲ್ಲಿ ಇದನ್ನು ಹಾಕಿದ ಕೂಡಲೇ ಪ್ರಶ್ನೆಗಳು ಬಂದವು. "ಚರ್ಚ್ ನೋಡೋಕೆ ಅಷ್ಟು ದೂರ ಯಾಕೆ ಮೇಡಂ?" "ಬೀಚ್‌ಗೆ ಹೋದರೆ ಸಾಕಲ್ವಾ?" "ಕನ್ನಡ ಕ್ಲಾಸಿಗೂ ಇದಕ್ಕೂ ಏನು ಸಂಬಂಧ?" ಒಬ್ಬೊಬ್ಬರಿಗೇ ಉತ್ತರ ಟೈಪ್ ಮಾಡುವ ಬದಲು ಎಲ್ಲರಿಗೂ ಸೇರಿಸಿ ಬರೆಯುತ್ತಿದ್ದೇನೆ. ಸ್ವಲ್ಪ ಉದ್ದ ಆಗಬಹುದು. ಥರ್ಡ್ ಮೇನ್‌ಲ್ಯಾಂಡ್ ಬ್ರಿಜ್ ಮೇಲೆ ಸಿಕ್ಕಿಹಾಕಿಕೊಂಡಾಗ ಓದಿಕೊಳ್ಳಿ, ಅಲ್ಲಿ ಟೈಮ್ ಬೇಕಾದಷ್ಟು ಸಿಗುತ್ತದೆ.

ನಾವು ಹೋಗುತ್ತಿರುವುದು ನೈಜೀರಿಯಾದ ಕಲಾವಿದ, ಕಟ್ಟಡ ವಿನ್ಯಾಸಕ ಡೆಮಾಸ್ ನ್ವೋಕೊ ಅವರ ಕೆಲಸ ನೋಡುವುದಕ್ಕೆ. ಹೆಸರು ಕೇಳಿಲ್ಲ ಅಂದರೆ ಬೇಜಾರು ಮಾಡಿಕೊಳ್ಳಬೇಡಿ. ಇಲ್ಲಿ ಎಷ್ಟೋ ವರ್ಷದಿಂದ ಇರುವ ನಮ್ಮವರಲ್ಲಿ ಬಹಳ ಜನ ಕೇಳಿಲ್ಲ. 2023ರಲ್ಲಿ ವೆನಿಸ್‌ನ ವಾಸ್ತುಶಿಲ್ಪ ಬಿಯೆನಾಲೆಯಲ್ಲಿ, ಅಂದರೆ ಎರಡು ವರ್ಷಕ್ಕೊಮ್ಮೆ ನಡೆಯುವ ಪ್ರದರ್ಶನದಲ್ಲಿ, ಅವರ ಜೀವಮಾನದ ಸಾಧನೆಗೆ ಗೋಲ್ಡನ್ ಲಯನ್ ಪ್ರಶಸ್ತಿ ಕೊಟ್ಟರು. ಆಗ ಅವರಿಗೆ 87 ವರ್ಷ. ಮಜಾ ಏನೆಂದರೆ, ಅವರ ಹತ್ತಿರ ಆರ್ಕಿಟೆಕ್ಚರ್ ಡಿಗ್ರಿಯೇ ಇಲ್ಲ. ಅವರು ಕಾಲೇಜಿನಲ್ಲಿ ಓದಿದ್ದು ಚಿತ್ರಕಲೆ.

ಇದನ್ನು ಓದಿ ನಿಮ್ಮ ಮಗ "ನೋಡಮ್ಮಾ, ಡಿಗ್ರಿ ಬೇಡವಂತೆ" ಅಂದರೆ ನನ್ನ ಹತ್ತಿರ ಕಳಿಸಿ. ಉಳಿದ ಕಥೆಯನ್ನೂ ಅವನು ಕೇಳಬೇಕು.

ನ್ವೋಕೊ ಹುಟ್ಟಿದ್ದು 1935ರಲ್ಲಿ, ಈಗಿನ ಡೆಲ್ಟಾ ರಾಜ್ಯದ ಇಡುಮುಜೆ-ಉಗ್ಬೊಕೊ ಎಂಬ ಊರಿನಲ್ಲಿ. ತಂದೆ ಆ ಊರಿನ ಒಬಿ, ಅಂದರೆ ಅರಸ. ಶಾಲೆ ಮುಗಿದ ಮೇಲೆ ಲೋಕೋಪಯೋಗಿ ಇಲಾಖೆಯಲ್ಲಿ ನಕ್ಷೆ ಬರೆಯುವ ಕೆಲಸ ಮಾಡಿದರು. ಆರ್ಕಿಟೆಕ್ಚರ್ ಓದಬೇಕು ಅಂತಲೇ ಇದ್ದವರು, ಆ ಕೋರ್ಸಿನಲ್ಲಿ ಬರೀ ಗೆರೆ ಎಳೆಯುವುದೇ ಜಾಸ್ತಿ, ತಲೆಗೆ ಕೆಲಸವಿಲ್ಲ ಅನ್ನಿಸಿ ಉತ್ತರದ ಝಾರಿಯಾ ಕಾಲೇಜಿನಲ್ಲಿ ಚಿತ್ರಕಲೆಗೆ ಸೇರಿದರು. ಅದು 1957. ಇನ್ನೂ ಬ್ರಿಟಿಷರ ಆಳ್ವಿಕೆ. ಕಲಿಸುವವರೂ ಹೆಚ್ಚಾಗಿ ಅವರೇ, ಕಲಿಸುತ್ತಿದ್ದದ್ದು ಯುರೋಪಿನ ಕಲೆ.

1958ರಲ್ಲಿ ಅಲ್ಲಿನ ಕೆಲವು ವಿದ್ಯಾರ್ಥಿಗಳು ಸೇರಿ ಒಂದು ಕಲಾ ಸಂಘ ಕಟ್ಟಿದರು. ಉಚೆ ಒಕೆಕೆ, ಬ್ರೂಸ್ ಒನೊಬ್ರಾಕ್ಪೆಯಾ, ಯೂಸುಫ್ ಗ್ರಿಲ್ಲೊ, ನ್ವೋಕೊ, ಇನ್ನೂ ಕೆಲವರು. ಎಲ್ಲರಿಗೂ ಇಪ್ಪತ್ತು ದಾಟಿದ ವಯಸ್ಸು. ಒಬ್ಬೊಬ್ಬರದು ಈ ದೇಶದ ಒಂದೊಂದು ಜನಾಂಗ: ಒಬ್ಬ ಇಗ್ಬೊ, ಒಬ್ಬ ಉರ್ಹೊಬೊ, ಒಬ್ಬ ಯೊರುಬಾ. ತಮ್ಮ ತಮ್ಮ ಜನರ ಕಥೆ, ಕೆತ್ತನೆ, ಗೋಡೆ ಚಿತ್ರ ಎಲ್ಲವನ್ನೂ ತಂದು ಒಟ್ಟಿಗೆ ಕೂತು ನೋಡುತ್ತಿದ್ದರು, ಚರ್ಚೆ ಮಾಡುತ್ತಿದ್ದರು. ಮುಂದೆ ಜನ ಇವರನ್ನು ಝಾರಿಯಾದ ಬಂಡಾಯಗಾರರು ಅಂತ ಕರೆದರು. ಆದರೆ ಒಂದು ವಿಷಯ ಗಮನಿಸಿ. ಇವರು ಕ್ಲಾಸು ಬಿಟ್ಟು ಬೀದಿಗೆ ಬರಲಿಲ್ಲ. ಪಾಠ ಕೇಳಿದರು, ಪರೀಕ್ಷೆ ಪಾಸು ಮಾಡಿದರು, ಅದರ ಜೊತೆಗೆ ತಮ್ಮದನ್ನೂ ಕಲಿತರು. ಕನ್ನಡ ಕ್ಲಾಸಿಗೂ ಇದಕ್ಕೂ ಏನು ಸಂಬಂಧ ಅಂತ ಕೇಳಿದವರಿಗೆ ಇದೇ ನನ್ನ ಉತ್ತರ. ವಾರವಿಡೀ ಸಿಬಿಎಸ್‌ಇ ಪಾಠ, ಭಾನುವಾರ ಬಂದು ಒತ್ತಕ್ಷರ ಬರೆಯುವ ನಮ್ಮ ಮಕ್ಕಳು ಮಾಡುತ್ತಿರುವುದೂ ಅದನ್ನೇ ಅಲ್ವಾ?

ಆಮೇಲೆ ನ್ವೋಕೊ ವಿದ್ಯಾರ್ಥಿವೇತನ ಸಿಕ್ಕಿ ಪ್ಯಾರಿಸ್‌ಗೆ ಹೋದರು. ಅಲ್ಲಿ ರಂಗಸಜ್ಜಿಕೆ ಕಲಿತರು. ವಾಪಸ್ ಬಂದು 1963ರಲ್ಲಿ ಇಬಾದಾನ್ ವಿಶ್ವವಿದ್ಯಾಲಯದ ನಾಟಕ ವಿಭಾಗ ಸೇರಿದರು. ನಾಟಕಕ್ಕೆ ಸೆಟ್ಟು ಹಾಕಿದರು, ವೇಷಭೂಷಣ ಮಾಡಿದರು, ಹುಡುಗರಿಗೆ ಕಲಿಸಿದರು. ಅದೇ ಹೊತ್ತಿನಲ್ಲಿ ಜೇಡಿಮಣ್ಣಿನ ಮೂರ್ತಿಗಳನ್ನೂ ಮಾಡುತ್ತಿದ್ದರು. ಈ ದೇಶದ ನೋಕ್ ಎಂಬ ಊರಿನ ಸುತ್ತ ಸಿಕ್ಕಿದ, ಎರಡು ಸಾವಿರ ವರ್ಷಕ್ಕೂ ಹಳೆಯ ಸುಟ್ಟ ಮಣ್ಣಿನ ಮುಖಗಳನ್ನು ನೋಡಿ, ಅದನ್ನು ಹೇಗೆ ಸುಟ್ಟಿರಬಹುದು ಅಂತ ತಾವೇ ಮಾಡಿ ನೋಡಿದರು.

ಆ ಕಾಲದಲ್ಲಿ ನಮ್ಮಂಥ ಟೀಚರ್ ಯಾರಾದರೂ ಇದ್ದಿದ್ದರೆ ರಿಪೋರ್ಟ್ ಕಾರ್ಡಿನಲ್ಲಿ "ಗಮನ ಒಂದು ಕಡೆ ಇಲ್ಲ" ಅಂತ ಬರೆಯುತ್ತಿದ್ದರೇನೋ.

1970ರ ಸುಮಾರಿಗೆ ಇಬಾದಾನ್‌ನ ಡೊಮಿನಿಕನ್ ಎಂಬ ಕ್ಯಾಥೊಲಿಕ್ ಪಂಥದ ಪಾದ್ರಿಗಳು ತಮಗೊಂದು ಪ್ರಾರ್ಥನಾ ಮಂದಿರ ಕಟ್ಟಿಕೊಡಿ ಅಂತ ಇದೇ ನಾಟಕದ ಮೇಷ್ಟ್ರನ್ನು ಕೇಳಿದರು. ಇದೇ ನಾವು ನೋಡಲಿರುವ ಕಟ್ಟಡ. ಫೋಟೋದಲ್ಲಿ ಮೊದಲು ಕಣ್ಣಿಗೆ ಬೀಳುವುದು ಅದರ ಗೋಪುರ. ಆದರೆ ನಾನು ಮಕ್ಕಳಿಗೆ ಹೇಳುವುದು ಬೇರೆ. ಮರದ ಕಂಬಗಳ ಹತ್ತಿರ ಹೋಗಿ ಕೆತ್ತನೆ ನೋಡಿ, ಅಲ್ಲಿ ಶಿಲ್ಪಿ ಇದ್ದಾರೆ. ಒಳಗೆ ಕೂತು ಬೆಳಕು ಎಲ್ಲಿಂದ ಬರುತ್ತದೆ, ನಿಮ್ಮ ಕಣ್ಣು ತಾನಾಗಿ ಯಾವ ಕಡೆ ಹೋಗುತ್ತದೆ ನೋಡಿ, ಅಲ್ಲಿ ನಾಟಕದವರು ಇದ್ದಾರೆ. ಕಿಟಕಿಯ ಬಣ್ಣ ನೋಡಿ, ಅಲ್ಲಿ ಚಿತ್ರಗಾರ. ಇಷ್ಟೂ ಒಬ್ಬರೇ. ಚದುರಿ ಹೋಗಿವೆ ಅನ್ನಿಸಿದ ಆಸಕ್ತಿಗಳೆಲ್ಲ ಒಂದೇ ಸೂರಿನ ಕೆಳಗೆ ಬಂದು ಕೂತಿವೆ.

ಈ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಮಣ್ಣಿನ ವಿಷಯ. ನ್ವೋಕೊ ಇಲ್ಲಿನ ಕೆಂಪು ಜಂಬಿಟ್ಟಿಗೆ ಮಣ್ಣಿಗೆ ಸಿಮೆಂಟ್ ಬೆರೆಸಿ ಬ್ಲಾಕ್ ಮಾಡಿದರು. ಅದಕ್ಕೆ ಲ್ಯಾಟ್‌ಕ್ರೀಟ್ ಅಂತ ಹೆಸರು. ಮಂಗಳೂರು, ಉಡುಪಿ ಕಡೆಯವರಿಗೆ ಈ ಕೆಂಪು ಕಲ್ಲಿನ ಗೋಡೆ ಹೊಸದೇನಲ್ಲ. ಇನ್ನು ಈ ದೇಶದ ದಕ್ಷಿಣದಲ್ಲಿರುವ ಬೆನಿನ್ ಸಿಟಿ ಸುತ್ತಲಿನ ಹಳೆಯ ಮನೆಗಳಲ್ಲಿ ನಡುವೆ ಚಾವಣಿ ತೆರೆದಿರುತ್ತದೆ, ಮಳೆನೀರು ಒಳಗಿನ ಅಂಗಳಕ್ಕೆ ಬೀಳುತ್ತದೆ. ಥೇಟ್ ನಮ್ಮ ತೊಟ್ಟಿಮನೆ. ನ್ವೋಕೊ ಇದನ್ನು ಬಿಡಲಿಲ್ಲ. ತಮ್ಮ ಊರಿನಲ್ಲಿ ಕಟ್ಟಿಕೊಂಡ ಮನೆಯಲ್ಲೂ ಇದನ್ನೇ ಹೊಸ ರೀತಿಯಲ್ಲಿ ತಂದರು. ಗಾಳಿ ತಾನಾಗಿ ಓಡಾಡುತ್ತದೆ, ಏಸಿ ಬೇಕಿಲ್ಲ. ಜನರೇಟರ್ ನಿಂತ ಕೂಡಲೇ ನಮ್ಮ ಫ್ಲ್ಯಾಟುಗಳು ಏನಾಗುತ್ತವೆ ಅಂತ ನಿಮಗೆ ನಾನು ಹೇಳಬೇಕಾ? ಕರೆಂಟ್ ಬಂದಾಗ ಇಡೀ ಬೀದಿ "ಅಪ್ ನೇಪಾ!" ಅಂತ (ನೇಪಾ ಅಂದರೆ ಇಲ್ಲಿನ ಹಳೆಯ ವಿದ್ಯುತ್ ಮಂಡಳಿ) ಕೂಗುವ ಊರಿನಲ್ಲಿ ಕರೆಂಟ್ ಇಲ್ಲದೆ ತಂಪಾಗಿರುವ ಮನೆ ಕಟ್ಟುವುದು ಎಂಥ ದೊಡ್ಡ ಇಂಜಿನಿಯರಿಂಗ್! ನಿಮ್ಮ ಮಕ್ಕಳು ಇಂಜಿನಿಯರ್ ಆಗಬೇಕು ಅಂತಿದ್ದರೆ ಇದನ್ನು ಅಗತ್ಯವಾಗಿ ನೋಡಬೇಕು.

ಇನ್ನು ಅವರು ಎಳೆಯರ ಬಗ್ಗೆ ಇಟ್ಟುಕೊಂಡ ಆಸೆ. ಇಬಾದಾನ್‌ನ ಮೊಕೋಲಾ ಗುಡ್ಡದ ಮೇಲೆ ಅವರು ನ್ಯೂ ಕಲ್ಚರ್ ಸ್ಟುಡಿಯೋ ಕಟ್ಟಿದರು. ಅದರಲ್ಲಿ ಬಯಲು ರಂಗಮಂದಿರವಿದೆ. ಇಲ್ಲಿನ ಹುಡುಗರು ಇಲ್ಲೇ ಕಲಿಯಬೇಕು, ಇಲ್ಲಿನ ಸಾಮಾನಿನಲ್ಲೇ ಮಾಡಬೇಕು ಅನ್ನುವುದು ಅದರ ಹಿಂದಿನ ಯೋಚನೆ. ಕಟ್ಟಡಗಳಿಗೂ ಅವರು ದೊಡ್ಡ ಕಂಟ್ರಾಕ್ಟರ್‌ಗಳನ್ನು ಕರೆಯಲಿಲ್ಲ. ಗಾರೆ ಕೆಲಸದವರನ್ನು, ಬಡಗಿಗಳನ್ನು, ಕಮ್ಮಾರರನ್ನು ತಾವೇ ತಯಾರು ಮಾಡಿದರು. ಸೈಟೇ ಅವರ ಶಾಲೆ. 1978ರಲ್ಲಿ ಕಲೆಯ ಬಗ್ಗೆ ಒಂದು ಪತ್ರಿಕೆಯನ್ನೂ ಶುರು ಮಾಡಿದರು. ಅದು ಜಾಸ್ತಿ ದಿನ ನಡೆಯಲಿಲ್ಲ. ಬೆನಿನ್ ಸಿಟಿಯ ಒಬಾ ಅಕೆಂಜುವಾ ಸಾಂಸ್ಕೃತಿಕ ಕೇಂದ್ರದ ಕೆಲಸ 1972ರಲ್ಲಿ ಶುರುವಾಗಿ ಮುಗಿದದ್ದು 1995ರಲ್ಲಿ. ಹೀಗೆಲ್ಲ ಆಗುತ್ತದೆ ಅಂತ ಮಕ್ಕಳಿಗೆ ಹೇಳುವುದೂ ಮುಖ್ಯ. ಪ್ರಶಸ್ತಿಯ ಫೋಟೋ ಮಾತ್ರ ತೋರಿಸಿದರೆ ಅರ್ಧ ಸತ್ಯ ಹೇಳಿದ ಹಾಗೆ.

ಅವರ ಗೆಳೆಯ ಒನೊಬ್ರಾಕ್ಪೆಯಾ ಬಗ್ಗೆಯೂ ಒಂದು ಮಾತು. ದೊಡ್ಡ ಕಲಾವಿದ ಆಗಿಯೂ ಇದೇ ಲೇಗೋಸ್‌ನ ಸೇಂಟ್ ಗ್ರೆಗೊರಿ ಕಾಲೇಜಿನಲ್ಲಿ ಹದಿನೇಳು ವರ್ಷ ಶಾಲಾ ಡ್ರಾಯಿಂಗ್ ಮೇಷ್ಟ್ರಾಗಿದ್ದರು. 1998ರಿಂದ ತಮ್ಮ ಊರು ಅಗ್ಬಾರಾ-ಒಟೊರ್‌ನಲ್ಲಿ ಹರ್ಮಟಾನ್ ಎಂಬ ಕಲಾವಿದರ ಕಾರ್ಯಾಗಾರ ನಡೆಸುತ್ತಾ ಬಂದರು. ಮೇಷ್ಟ್ರ ಕೆಲಸದಲ್ಲಿರುವ ನಮಗೆ ಇಂಥವರ ಬಗ್ಗೆ ಸ್ವಲ್ಪ ಪ್ರೀತಿ ಜಾಸ್ತಿ, ಕ್ಷಮಿಸಿ.

ಈಗ ನಾನು ಇದನ್ನೆಲ್ಲ ಹೇಳುತ್ತಿರುವುದರ ನಿಜವಾದ ಕಾರಣಕ್ಕೆ ಬರುತ್ತೇನೆ. ಒಂಬತ್ತನೇ ಕ್ಲಾಸ್ ಬಂದ ಕೂಡಲೇ ನಮ್ಮಲ್ಲಿ ಒಂದು ಪತ್ರ ಬರುತ್ತದೆ. "ಮುಂದಿನ ತಿಂಗಳಿಂದ ನಾಟಕಕ್ಕೆ ಸೇರಿಸಿಕೊಳ್ಳಬೇಡಿ, ಜೆಇಇ ಕೋಚಿಂಗ್ ಇದೆ." "ಡ್ರಾಯಿಂಗ್ ಬಿಡಿಸಿದ್ದೇವೆ." ನಿಮ್ಮ ಆತಂಕ ನನಗೆ ಗೊತ್ತು. ಪರದೇಶದಲ್ಲಿ ದುಡಿಯುತ್ತಿದ್ದೀರಿ, ಊರಿಗೆ ವಾಪಸ್ ಹೋದಾಗ ಮಕ್ಕಳಿಗೆ ಒಳ್ಳೆಯ ಕಾಲೇಜು ಸಿಗಬೇಕು. ಕೋಚಿಂಗ್ ಬೇಡ ಅಂತ ನಾನು ಹೇಳುತ್ತಿಲ್ಲ. ಎರಡನೇ ಆಸಕ್ತಿಯನ್ನು ಪೂರ್ತಿ ಕಿತ್ತು ಹಾಕಬೇಡಿ ಅಂತ ಕೇಳುತ್ತಿದ್ದೇನೆ. ವಾರಕ್ಕೆ ಒಂದು ಗಂಟೆ ಸಾಕು. ಜೊತೆಗೆ, ಶುರು ಮಾಡಿದ್ದನ್ನು ಮುಗಿಸಲಿ ಅಂತ ಒತ್ತಾಯ ಮಾಡಿ. ಹತ್ತು ಹವ್ಯಾಸ ಇಟ್ಟುಕೊಂಡು ಒಂದನ್ನೂ ಮುಗಿಸದ ಮಗು ನನಗೂ ಇಷ್ಟವಿಲ್ಲ. ನ್ವೋಕೊ ಹತ್ತಾರು ಕಡೆ ಕೈ ಹಾಕಿದರು ನಿಜ. ಆದರೆ ಕೈ ಹಾಕಿದ ಕಡೆಯಲ್ಲೆಲ್ಲ ಏನಾದರೂ ಒಂದು ವಸ್ತು ಎದ್ದು ನಿಂತಿದೆ.

ಇನ್ನೊಂದು. ಇಲ್ಲೇ ಬೆಳೆದ ನಮ್ಮ ಮಕ್ಕಳಿಗೆ ನೈಜೀರಿಯಾ ಅಂದರೆ ಎಸ್ಟೇಟಿನ ಗೇಟು, ಡ್ರೈವರ್ ಅಂಕಲ್, ಶಾಲೆ, ಮಾಲ್. ಈ ದೇಶದ ಅನ್ನ ತಿಂದು, ಈ ದೇಶದಲ್ಲಿ ಯಾರು ಏನು ಮಾಡಿದ್ದಾರೆ ಅಂತ ತಿಳಿಯದೆ ಹೋಗುವುದು ನನಗೆ ಸರಿ ಕಾಣುವುದಿಲ್ಲ.

ಸರಿ, ಈಗ ವ್ಯವಸ್ಥೆಯ ವಿಷಯ. ಎಬುಟೆ ಮೆಟ್ಟಾದ ಮೊಬೊಲಾಜಿ ಜಾನ್ಸನ್ ಸ್ಟೇಷನ್‌ನಿಂದ ಬೆಳಗಿನ ರೈಲು. ಎಕ್ಸ್‌ಪ್ರೆಸ್‌ವೇ ಬೇಡ ಅಂತ ಬೇಕೆಂದೇ ರೈಲು ಆರಿಸಿದ್ದೇವೆ, ಟೈಮಿಗೆ ತಲುಪುತ್ತೇವೆ ಅನ್ನುವ ಧೈರ್ಯ ಇರುತ್ತದೆ. ದಾರಿಯಲ್ಲಿ ಅಬೆಯೊಕುಟಾ ಸಿಗುತ್ತದೆ. ಇಬಾದಾನ್ ಸ್ಟೇಷನ್ ಇರುವುದು ಊರ ಹೊರಗೆ ಮೊನಿಯಾದಲ್ಲಿ, ಅಲ್ಲಿಂದ ಬಸ್ಸು ಮಾಡಿದ್ದೇವೆ. ಸಂಜೆಯ ರೈಲಿಗೆ ವಾಪಸ್. ಮಳೆಗಾಲ, ಹಾಗಾಗಿ ಛತ್ರಿ ಕಡ್ಡಾಯ. ಪ್ರಾರ್ಥನಾ ಮಂದಿರಕ್ಕೆ ಹೋಗುವುದರಿಂದ ಭುಜ, ಮೊಣಕಾಲು ಮುಚ್ಚುವ ಬಟ್ಟೆ ಹಾಕಿ ಕಳಿಸಿ. ಫೋನು ಬೇಡ. ಒಂದು ಡ್ರಾಯಿಂಗ್ ಪುಸ್ತಕ, ಎರಡು ಪೆನ್ಸಿಲ್, ಒಂದು ರಬ್ಬರ್ ಇರಲಿ. ಪ್ರತಿ ಮಗುವೂ ಒಂದು ಕಂಬ ಅಥವಾ ಒಂದು ಕಿಟಕಿ ಆರಿಸಿಕೊಂಡು ಅಲ್ಲೇ ಕೂತು ಅದರ ಚಿತ್ರ ಬರೆಯಬೇಕು. ಮುಂದಿನ ಭಾನುವಾರ ಅದರ ಬಗ್ಗೆ ಕನ್ನಡದಲ್ಲಿ ಅರ್ಧ ಪುಟ ಬರೆದು ತರಬೇಕು. ಅಮ್ಮಂದಿರು ಬರೆದುಕೊಡುವ ಹಾಗಿಲ್ಲ, ಕೈಬರಹ ನನಗೆ ಗೊತ್ತಾಗುತ್ತದೆ.

ಮಧ್ಯಾಹ್ನ ಇಬಾದಾನ್‌ನಲ್ಲಿ ಅಮಲಾ ಊಟ, ಅಂದರೆ ಯಾಮ್ ಗೆಡ್ಡೆಯ ಹಿಟ್ಟಿನ ಮುದ್ದೆ. ಇಬಾದಾನ್‌ಗೆ ಹೋಗಿ ಅಮಲಾ ತಿನ್ನದೆ ಬಂದರೆ ಇಲ್ಲಿನವರು ನಗುತ್ತಾರೆ. ಆದರೆ ಸಾರಿಗೆ ಮೀನು ಅಥವಾ ಮಾಂಸ ಹಾಕಿರುತ್ತಾರೆ. ಸಸ್ಯಾಹಾರಿ ಮಕ್ಕಳಿಗೆ ಮನೆಯಿಂದಲೇ ಚಿತ್ರಾನ್ನವೋ ಚಪಾತಿಯೋ ಕಟ್ಟಿ ಕಳಿಸಿ, ಮೊಸರನ್ನ ಮಾತ್ರ ಬೇಡ, ಸೆಕೆಗೆ ಹುಳಿಯಾಗುತ್ತದೆ. ಜೊತೆಗೆ ಬರಲು ಇಬ್ಬರು ಪೋಷಕರು ಬೇಕು. ಸಿವಿಲ್ ಇಂಜಿನಿಯರ್‌ಗಳು ಯಾರಾದರೂ ಬಂದರೆ ಬಹಳ ಸಂತೋಷ, ಮಕ್ಕಳು ಕೇಳುವ ಪ್ರಶ್ನೆಗಳಿಗೆಲ್ಲ ನನ್ನ ಹತ್ತಿರ ಉತ್ತರ ಇರುವುದಿಲ್ಲ. ಒಪ್ಪಿಗೆ ಚೀಟಿಗೆ ಸಹಿ ಹಾಕಿ ಬರುವ ಭಾನುವಾರ ಮಗುವಿನ ಕೈಯಲ್ಲಿ ಕಳಿಸಿ. ರೈಲಿನ ಟಿಕೆಟ್ ಮೊದಲೇ ಮಾಡಿಸಬೇಕು, ತಡವಾಗಿ ಹೇಳಿದರೆ ಸೀಟು ಕಷ್ಟ.

ಇಂತಿ ನಿಮ್ಮ ವಿಶ್ವಾಸಿ,
ಮುಖ್ಯ ಶಿಕ್ಷಕಿ
ಭಾನುವಾರದ ಕನ್ನಡ ತರಗತಿ, ಲೇಗೋಸ್