ಮಗಳಿಗೊಂದು ಪತ್ರ: ಸಣ್ಣಜ್ಜನ ಎಳ್ಳಮಾವಾಸ್ಯೆ

ಪ್ರೀತಿಯ ಮಗಳೆ,

ಹೋದ ವಾರ ಫೋನಿನಲ್ಲಿ ನೀನು ಕೇಳಿದ ಮಾತು ತಲೆಯಿಂದ ಹೋಗುತ್ತಲೇ ಇಲ್ಲ. ಸಣ್ಣಜ್ಜನ ಮಣ್ಣಿಗೆ ನಿನಗೆ ಬರಲಾಗಲಿಲ್ಲ. ಆದರೆ ಯಾರೋ ಕಳಿಸಿದ ಫೋಟೊದಲ್ಲಿ ಮಾಜಿ ಸೈನಿಕರು ಸಾಲಾಗಿ ನಿಂತು ಸೆಲ್ಯೂಟ್ ಹೊಡೆಯುವುದನ್ನು ನೋಡಿದ್ದೆ. "ಅಪ್ಪಾ, ಸಣ್ಣಜ್ಜ ಬ್ಯಾಂಕಿನಲ್ಲಿ ಗನ್‌ಮ್ಯಾನ್ ಆಗಿದ್ದರು ಅಂತಷ್ಟೇ ನನಗೆ ಗೊತ್ತು, ಯುದ್ಧಕ್ಕೂ ಹೋಗಿದ್ದರಾ?" ಅಂತ ಕೇಳಿದೆ. ನನಗೆ ಬಹಳ ಕೆಟ್ಟದೆನಿಸಿತು. ನಿನ್ನ ಮೇಲಲ್ಲ, ನನ್ನ ಮೇಲೆ. ಇಪ್ಪತ್ನಾಲ್ಕು ವರ್ಷ ನಿನ್ನನ್ನು ಬೆಳೆಸಿದೆ, ಇಷ್ಟು ದೊಡ್ಡ ಮಾತು ಹೇಳದೇ ಬಿಟ್ಟೆ. ಫೋನಿನಲ್ಲಿ ಹೇಳುವ ವಿಷಯ ಅಲ್ಲ, ಅದಕ್ಕೇ ಬರೆಯುತ್ತಿದ್ದೇನೆ. ಪುರುಸೊತ್ತು ಮಾಡಿಕೊಂಡು ಓದು.

ಮೊದಲು ನನ್ನ ಅಜ್ಜನಿಂದ ಶುರು ಮಾಡುತ್ತೇನೆ. ನೀನು ಅವರನ್ನು ನೋಡಿಲ್ಲ. 1941ರಲ್ಲಿ ಅಜ್ಜ ಮತ್ತು ಅವರ ತಮ್ಮ ಇಬ್ಬರೂ ಬೆಳಗಾವಿಗೆ ನಡೆದುಕೊಂಡು ಹೋಗಿ ಭರ್ತಿಯಾದರು. ಮರಾಠಾ ಲೈಟ್ ಇನ್‌ಫೆಂಟ್ರಿಯ ಟ್ರೇನಿಂಗ್ ಸೆಂಟರ್ 1922ರಿಂದಲೂ ಬೆಳಗಾವಿಯಲ್ಲೇ ಇದೆ, ನಮ್ಮ ಕಡೆಯ ಹಳ್ಳಿಗಳಲ್ಲಿ ಪಲ್ಟನ್ ಅಂದರೆ ಅದೇ. ದೇಶಕ್ಕಾಗಿ ಹೋದರು ಅಂತ ನಿನಗೆ ಹೇಳಿದರೆ ಸುಳ್ಳಾಗುತ್ತದೆ. ಮಳೆ ಇರಲಿಲ್ಲ, ಸಾಲ ಇತ್ತು, ಪಲ್ಟನ್ನಿನಲ್ಲಿ ಊಟ, ಬಟ್ಟೆ, ಸಂಬಳ ಇತ್ತು. ಅದು ಎರಡನೇ ಮಹಾಯುದ್ಧದ ಕಾಲ, ಆ ಯುದ್ಧ ಮುಗಿಯುವ ಹೊತ್ತಿಗೆ ನಮ್ಮ ದೇಶದ 25 ಲಕ್ಷ ಜನ ಹೀಗೆ ಭರ್ತಿಯಾಗಿದ್ದರಂತೆ, ಅದರಲ್ಲಿ ನಮ್ಮ ಮನೆಯ ಇಬ್ಬರು.

ಇರಾಕ್, ಸಿರಿಯಾ ಅಂತ ಸುತ್ತಾಡಿಸಿ 1943ರ ಸೆಪ್ಟೆಂಬರಿನಲ್ಲಿ ಅವರನ್ನು ಇಟಲಿಯ ಟಾರಂಟೊ ಬಂದರಿನಲ್ಲಿ ಇಳಿಸಿದರು. ಎಲ್ಲಿದ್ದೇವೆ ಅಂತ ಮನೆಗೆ ಬರೆಯುವ ಹಾಗಿರಲಿಲ್ಲ, ಸೆನ್ಸಾರಿನವರು ಎಲ್ಲ ಪತ್ರ ಒಡೆದು ನೋಡುತ್ತಿದ್ದರು. ಅಜ್ಜನಿಗೆ ಬರೆಯಲು ಬರುತ್ತಲೂ ಇರಲಿಲ್ಲ, ಓದುಬಲ್ಲ ಜೊತೆಗಾರನ ಕೈಯಲ್ಲಿ ಬರೆಸುತ್ತಿದ್ದರು. ಹಾಗಾಗಿ ಇಲ್ಲಿ ಮುತ್ತವ್ವನಿಗೆ ಗೊತ್ತಿದ್ದದ್ದು ಇಷ್ಟೇ: ಮಕ್ಕಳು ನೀರಿನ ಆಚೆಗೆ ಇದ್ದಾರೆ.

ನವೆಂಬರಿನಲ್ಲಿ ಸಾಂಗ್ರೋ ಅನ್ನುವ ಹೊಳೆ ದಾಟಬೇಕಿತ್ತು. ಆಚೆ ದಿನ್ನೆಯ ಮೇಲೆ ಜರ್ಮನರು. ಮಳೆ ಹಿಡಿದಿತ್ತು, ಹೊಳೆ ಬಂತು, ಕಟ್ಟಿದ ಸೇತುವೆಗಳು ಕೊಚ್ಚಿಕೊಂಡು ಹೋದವು, ಮೊದಲು ದಾಟಿದವರು ಆಚೆ ದಂಡೆಯಲ್ಲೇ ಸಿಕ್ಕಿಬಿದ್ದರು. ತಮ್ಮ ಆಚೆ, ಅಜ್ಜ ಈಚೆ. ಅಜ್ಜ ಯುದ್ಧದ ಬಗ್ಗೆ ನನಗೆ ಹೇಳಿದ್ದು ಬರೀ ಕೆಸರಿನ ಕಥೆ. "ನಮ್ಮ ಎರಿ ಹೊಲಾ ನೋಡು, ಥೇಟ್ ಹಂಗ. ಕಾಲ ಇಟ್ರ ಬೂಟ್ ಅಲ್ಲೇ ಉಳೀತಿತ್ತು" ಅನ್ನುತ್ತಿದ್ದರು. ಯಾವುದೋ ಊರಲ್ಲಿ ಒಬ್ಬ ಮುದುಕಿ ಅವರ ತೊಯ್ದ ಕೋಟು ಒಲೆ ಮುಂದೆ ಒಣಗಿಸಿ ಕೊಟ್ಟಿದ್ದನ್ನೂ ಹೇಳುತ್ತಿದ್ದರು. ತಮ್ಮನ ವಿಷಯ ಮಾತ್ರ ಒಂದೇ ಮಾತಿನಲ್ಲಿ ಮುಗಿಸುತ್ತಿದ್ದರು: ನಾನು ಹೊಳೆ ದಾಟುವ ಹೊತ್ತಿಗೆ ಸುಟ್ಟಾಗಿತ್ತು. ಮಳೆ ಬಿದ್ದ ಮೇಲೆ ಅಜ್ಜ ಎರಿ ಹೊಲಕ್ಕೆ ಕಾಲಿಡುತ್ತಿರಲಿಲ್ಲ, ನೆಲ ಆರುವವರೆಗೂ ಮನೆಯಲ್ಲೇ ಇರುತ್ತಿದ್ದರು. ಚಿಕ್ಕವನಿದ್ದಾಗ ನನಗೆ ಅದು ಸೋಮಾರಿತನ ಅನಿಸುತ್ತಿತ್ತು. ಈಗ ನೆನೆದರೆ ಹೊಟ್ಟೆಯಲ್ಲಿ ಸಂಕಟ ಆಗುತ್ತದೆ.

1946ರಲ್ಲಿ ಅಜ್ಜ ಒಬ್ಬರೇ ವಾಪಸ್ ಬಂದರು. ಪೂರ್ತಿ ಸೇವೆ ಆಗಿರದ ಕಾರಣ ಪೆನ್ಶನ್ ಇಲ್ಲ. ಮುತ್ತವ್ವ ಸಣ್ಣ ಮಗ ಸತ್ತ ಅಂತ ಒಪ್ಪಲೇ ಇಲ್ಲ. ಹೆಣ ನೋಡಿಲ್ಲ, ಬೂದಿ ನೋಡಿಲ್ಲ, ಕಾಗದ ನೋಡಿ ಹೇಗೆ ನಂಬಲಿ ಅನ್ನುತ್ತಿದ್ದಳಂತೆ. ಪಕ್ಷದ ಹಬ್ಬದಲ್ಲಿ ಹಿರಿಯರಿಗೆ ಎಡೆ ಇಡುವಾಗ ಅವನ ಹೆಸರಿನಲ್ಲಿ ಎಡೆ ಇಡಲು ಬಿಡುತ್ತಿರಲಿಲ್ಲ. ಬದುಕಿದ್ದವನಿಗೆ ಯಾರಾದರೂ ಎಡೆ ಇಡುತ್ತಾರಾ? ಹೀಗೇ ಇಪ್ಪತ್ತು ವರ್ಷಕ್ಕೂ ಮೇಲೆ ನಡೆಯಿತು. ಆಕೆ ತೀರಿಹೋದ ವರ್ಷ ಅಜ್ಜ ಮೊದಲ ಸಲ ಎರಡು ಎಡೆ ಜಾಸ್ತಿ ಇಟ್ಟರು, ಒಂದು ಅವ್ವನದು, ಒಂದು ತಮ್ಮನದು. ಈಗಲೂ ನಮ್ಮನೆಯಲ್ಲಿ ಒಂದು ಎಡೆಯ ಪಕ್ಕ ಚಾ ತುಂಬಿದ ಕಬ್ಬಿಣದ ಮಗ್ಗು ಇಡುತ್ತೇವಲ್ಲ, ಯಾಕೆ ಅಂತ ನೀನು ಚಿಕ್ಕವಳಿದ್ದಾಗ ಕೇಳಿದ್ದೆ, ಪದ್ಧತಿ ಅಂದುಬಿಟ್ಟಿದ್ದೆ. ಅದು ಅವನದು.

ಸಾಂಗ್ರೋ ಹತ್ತಿರದ ಯುದ್ಧ ಸ್ಮಶಾನದಲ್ಲಿ ಹೀಗೆ ಸುಟ್ಟ ಭಾರತೀಯರ ಹೆಸರು ಕೆತ್ತಿದ ಸ್ಮಾರಕ ಇದೆ, ಐನೂರಕ್ಕೂ ಹೆಚ್ಚು ಹೆಸರು. ಕಾಮನ್‌ವೆಲ್ತ್ ವಾರ್ ಗ್ರೇವ್ಸ್ ಕಮಿಷನ್ ಅನ್ನುವ ಸಂಸ್ಥೆ ಅದನ್ನು ನೋಡಿಕೊಳ್ಳುತ್ತದೆ, ಅವರ ವೆಬ್‌ಸೈಟಿನಲ್ಲಿ ಹೆಸರು ಹುಡುಕಬಹುದು. ಎಷ್ಟೋ ಕಡೆ ತಂದೆಯ ಹೆಸರು, ಹಳ್ಳಿಯ ಹೆಸರು ಕೂಡ ಇರುತ್ತದೆ. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಹೇಗೆ ಬೇಕೋ ಹಾಗೆ ಬರೆದಿರುತ್ತಾರೆ, ನನಗೆ ಸಿಗಲಿಲ್ಲ. ನೀನು ಕೂತು ಹುಡುಕು, ನಿನಗೆ ಸಿಕ್ಕೀತು.

ಇನ್ನು ಸಣ್ಣಜ್ಜ, ಅಂದರೆ ನನ್ನ ಕಾಕಾ.

ಕಾಕಾ ಅಜ್ಜನ ಪಲ್ಟನ್ನಿಗೇ ಸೇರಿದರು, ಮರಾಠಾದ ಫಸ್ಟ್ ಬಟಾಲಿಯನ್, ಜಂಗಿ ಪಲ್ಟನ್ ಅನ್ನುತ್ತಾರೆ. ಪಕ್ಕದ ಹಳ್ಳಿಯ ಅವರ ಗೆಳೆಯನೂ ಜೊತೆಗೇ ಭರ್ತಿಯಾದ. ಇಬ್ಬರೂ ಒಂದೇ ಶಾಲೆ, ಒಂದೇ ಗರಡಿ. 1971ರ ಡಿಸೆಂಬರಿನಲ್ಲಿ ಕಾಕಾಗೆ ಇಪ್ಪತ್ತೊಂದು ವರ್ಷ. ಈಗಿನ ನಿನಗಿಂತ ಮೂರು ವರ್ಷ ಸಣ್ಣವರು!

ಈಗಿನ ಬಾಂಗ್ಲಾದೇಶದ, ಅಂದರೆ ಆಗಿನ ಪೂರ್ವ ಪಾಕಿಸ್ತಾನದ, ಉತ್ತರ ಭಾಗದಲ್ಲಿ ಜಮಾಲ್‌ಪುರ ಅಂತ ಊರಿದೆ, ಹಳೇ ಬ್ರಹ್ಮಪುತ್ರದ ದಂಡೆಯ ಮೇಲೆ. ಅಲ್ಲಿ ಪಾಕಿಸ್ತಾನದ 31 ಬಲೂಚ್ ಪಡೆ ಬೀಡುಬಿಟ್ಟಿತ್ತು. ನಮ್ಮವರು ಹೊಳೆ ದಾಟಿ ಊರಿನ ಹಿಂದಕ್ಕೆ ಹೋಗಿ, ಢಾಕಾ ಕಡೆಗೆ ಹೋಗುವ ದಾರಿಗೇ ಅಡ್ಡ ಕೂತರು. ಡಿಸೆಂಬರ್ 9ರಂದು ನಮ್ಮ ಬ್ರಿಗೇಡಿಯರ್ ಕ್ಲೇರ್ ಅವರು ಶರಣಾಗಿ ಅಂತ ಒಂದು ಪತ್ರ ಬರೆದು, ಬಾಂಗ್ಲಾ ಬಿಡುಗಡೆಗೆ ಹೋರಾಡುತ್ತಿದ್ದ ಮುಕ್ತಿವಾಹಿನಿಯ ಒಬ್ಬನ ಕೈಯಲ್ಲಿ ಕಳಿಸಿದರು. ಪಾಕಿಸ್ತಾನದ ಕರ್ನಲ್ ಸುಲ್ತಾನ್ ಮಹಮೂದ್ ಬರೆದ ಉತ್ತರ ಬಂತು, ಪೆನ್ನು ಬಿಟ್ಟು ಬಂದೂಕು ಹಿಡಿದು ಬನ್ನಿ ಅನ್ನುವ ಅರ್ಥದ ಉತ್ತರ. ಆ ಕಾಗದದಲ್ಲಿ ಒಂದು ಗುಂಡು ಸುತ್ತಿ ಕಳಿಸಿದ್ದರು. ಕಾಗದ ಕಳಿಸಿದವರೂ ಬರೆಯಬಲ್ಲವರು, ಉತ್ತರ ಬರೆದವರೂ ಬರೆಯಬಲ್ಲವರು. ಗುಂಡು ತಿಂದವರು ನಮ್ಮ ಕಡೆಯ, ಅವರ ಕಡೆಯ ಹಳ್ಳಿ ಹುಡುಗರು.

10ರ ರಾತ್ರಿ ಅವರು ಕತ್ತಲಲ್ಲಿ ಊರು ಬಿಟ್ಟು ಹೊರಬಿದ್ದರು, ನೇರ ನಮ್ಮವರ ಮಷಿನ್‌ಗನ್ನುಗಳ ಮುಂದೆ. ಬೆಳಗಾಗುವ ಹೊತ್ತಿಗೆ ಅವರ ಕಡೆ ಇನ್ನೂರಕ್ಕೂ ಹೆಚ್ಚು ಜನ ಸತ್ತಿದ್ದರು. ನಮ್ಮ ಪಲ್ಟನ್ನಿನ ಕಡೆ ಕೆಲವೇ ಮಂದಿ, ಅದರಲ್ಲಿ ಒಬ್ಬ ಕಾಕಾನ ಗೆಳೆಯ. ಜಮಾಲ್‌ಪುರ ಅನ್ನುವ ಹೆಸರು ಇವತ್ತಿಗೂ ಪಲ್ಟನ್ನಿನ ಗೌರವದ ಪಟ್ಟಿಯಲ್ಲಿದೆ, ಕಾಕಾಗೆ ಪೂರ್ವಿ ಸ್ಟಾರ್ ಮೆಡಲ್ ಸಿಕ್ಕಿತ್ತು. ಆ ಮೆಡಲ್ ಗೋಡೆಗೆ ಹಾಕಿದ್ದನ್ನು ನಾನು ಒಂದು ದಿನವೂ ನೋಡಿಲ್ಲ.

ಈಗ ಇಲ್ಲಿ ಊರಲ್ಲಿ ಏನಾಯಿತು ಕೇಳು. ನನಗೆ ಆಗ ಐದು ವರ್ಷ, ಆದರೂ ಆ ದಿನ ಚೆನ್ನಾಗಿ ನೆನಪಿದೆ. ಡಿಸೆಂಬರ್ 16ಕ್ಕೆ ಢಾಕಾದಲ್ಲಿ ಶರಣಾಗತಿ ಆಯಿತು, 93 ಸಾವಿರ ಜನ ಸೆರೆಸಿಕ್ಕರು ಅಂತ ಆಮೇಲೆ ಓದಿದ್ದು. ಸಂಜೆ ರೇಡಿಯೋದಲ್ಲಿ ಯುದ್ಧ ಗೆದ್ದೆವು ಅಂತ ಬಂತು. ಮರುದಿನವೇ ಎಳ್ಳಮಾವಾಸ್ಯೆ. ಯೋಚನೆ ಮಾಡು, ಊರಿಗೆ ಊರೇ ಹೊಲಕ್ಕೆ ಹೊರಟಿದೆ, ಚಕ್ಕಡಿ ಕಟ್ಟಿದ್ದಾರೆ, ಬುಟ್ಟಿ ತುಂಬ ಸಜ್ಜಿ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಹೋಳಿಗೆ, ಮಕ್ಕಳು ಕೇಕೆ ಹಾಕುತ್ತಿದ್ದಾವೆ, ಪಲ್ಟನ್ನಿಗೆ ಮಕ್ಕಳನ್ನು ಕಳಿಸಿದ ಮನೆಯವರಂತೂ ಆ ದಿನ ಹೋದವರಿಗೆ ಬಂದವರಿಗೆಲ್ಲ ಕರೆಕರೆದು ಊಟ ಹಾಕಿದರು. ಯುದ್ಧ ಮುಗೀತು, ಇನ್ನು ಹುಡುಗರು ಬರುತ್ತಾರೆ. ಕಾಕಾನ ಗೆಳೆಯನ ಅವ್ವ ತಲೆ ಮೇಲೆ ಬುಟ್ಟಿ ಹೊತ್ತು ಇಡೀ ಹೊಲ ಸುತ್ತಿ, ಭೂತಾಯಿಗೆ ಎಡೆ ಅಂತ ಚರಗ ಚೆಲ್ಲಿದಳು. ಬನ್ನಿ ಗಿಡದ ಬುಡದಲ್ಲಿ ಐದು ಕಲ್ಲಿಟ್ಟು ಪೂಜೆ ಮಾಡಿ, ಮಗನ ಹೆಸರಲ್ಲಿ ಒಂದು ಹೋಳಿಗೆ ಜಾಸ್ತಿ ಇಟ್ಟಳು.

ಅವನು ಸತ್ತು ಆರು ದಿನ ಆಗಿತ್ತು.

ತಾರು ಬಂದಿದ್ದು ಅದರ ಮರುದಿನ. ಪೋಸ್ಟ್‌ಮನ್ ಮನೆಗೆ ಹೋಗಲು ಧೈರ್ಯ ಸಾಲದೆ, ಮೊದಲು ನಮ್ಮ ಮನೆಗೆ ಬಂದು ಅಜ್ಜನನ್ನು ಕರೆದುಕೊಂಡು ಹೋದ. ಇಟಲಿಯಿಂದ ತಮ್ಮನಿಲ್ಲದೆ ಬಂದ ಮನುಷ್ಯ, ಇನ್ನೊಬ್ಬಳು ತಾಯಿಗೆ ಸುದ್ದಿ ಹೇಳಲು ಹೋದ. ಅವತ್ತು ಅಜ್ಜ ಮನೆಗೆ ಬಂದು ನೀರು ಕೂಡ ಕುಡಿಯಲಿಲ್ಲ.

ಆಗೆಲ್ಲ ಹೆಣ ಊರಿಗೆ ತರುತ್ತಿರಲಿಲ್ಲ, ಸತ್ತಲ್ಲೇ ಸುಡುತ್ತಿದ್ದರು. ನೀನು ಟಿವಿಯಲ್ಲಿ ನೋಡುವ ಧ್ವಜ ಹೊದಿಸಿದ ಪೆಟ್ಟಿಗೆ, ಸಾವಿರಾರು ಜನ ಸೇರುವ ಮೆರವಣಿಗೆ, ಅದೆಲ್ಲ ಮಾಮೂಲಾಗಿದ್ದು 1999ರ ಕಾರ್ಗಿಲ್‌ನಿಂದ ಈಚೆಗೆ. ಕಾರ್ಗಿಲ್ ನಡೆಯುವಾಗ ನಾನು, ಕಾಕಾ ಕೂತು ಸುದ್ದಿ ನೋಡುತ್ತಿದ್ದೆವು. ಒಬ್ಬ ತಾಯಿ ಪೆಟ್ಟಿಗೆ ಮೇಲೆ ಬಿದ್ದು ಅಳುತ್ತಿದ್ದಳು. ಕಾಕಾ ಮೆಲ್ಲಗೆ ಅಂದರು: "ಈಕಿಗೆ ಮಾರಿ ಆದ್ರೂ ನೋಡಾಕ ಸಿಕ್ತು." ಆಮೇಲೆ ಅವತ್ತು ರಾತ್ರಿ, ಇಪ್ಪತ್ತೆಂಟು ವರ್ಷದ ನಂತರ, ಜಮಾಲ್‌ಪುರದ ಕಥೆ ಹೇಳಿದರು. ನಾನು ಮೇಲೆ ಬರೆದದ್ದರಲ್ಲಿ ಅರ್ಧ ಅವತ್ತು ಕೇಳಿದ್ದು. ಬೆಳಿಗ್ಗೆ ಆ ಕಡೆಯವರ ಹೆಣಗಳನ್ನು ಮಣ್ಣು ಮಾಡುವಾಗ ಒಬ್ಬನ ಜೇಬಿನಲ್ಲಿ ಪತ್ರ ಸಿಕ್ಕಿತಂತೆ, ಉರ್ದು, ಓದಲು ಬರಲಿಲ್ಲ. ಮತ್ತೆ ಅವನ ಜೇಬಿಗೇ ಇಟ್ಟು ಗುಂಡಿ ಹಾಕಿದೆ ಅಂದರು. ಅದನ್ನು ಹೇಳುವಾಗ ಎದೆ ಮೇಲೆ ಕೈ ಇಟ್ಟುಕೊಂಡಿದ್ದರು, ಜೇಬಿನ ಜಾಗದಲ್ಲಿ.

ರಜೆಗೆ ಬಂದ ಮೊದಲ ಎಳ್ಳಮಾವಾಸ್ಯೆಗೆ ಕಾಕಾ ನಮ್ಮ ಹೊಲಕ್ಕೆ ಬರಲಿಲ್ಲ. ರೊಟ್ಟಿ ಗಂಟು ಕಟ್ಟಿಕೊಂಡು ಗೆಳೆಯನ ಹೊಲಕ್ಕೆ ಹೋದರು. ಆ ಅವ್ವನ ಕೈಯಿಂದ ಬುಟ್ಟಿ ಇಸಿದುಕೊಂಡು ತಾವೇ ಚರಗ ಚೆಲ್ಲಿದರು, ಅವಳ ಪಕ್ಕ ಕೂತು ಉಂಡರು. ಆಮೇಲೆ ನಿವೃತ್ತಿಯಾಗಿ ಬಂದ ಮೇಲೂ ಒಂದು ವರ್ಷ ತಪ್ಪಿಸಲಿಲ್ಲ. ಹಬ್ಬದ ದಿನ ಸಣ್ಣಜ್ಜ ಎಲ್ಲಿಗೆ ಹೋಗುತ್ತಾರೆ ಅಂತ ನೀನೂ ಎಷ್ಟೋ ಸಲ ಸಿಟ್ಟು ಮಾಡಿದ್ದೀಯ, ನಾವೂ ಮಾಡುತ್ತಿದ್ದೆವು. ಆ ಅವ್ವ ತೀರಿಹೋದ ಮೇಲೆ ಅವಳ ಸಣ್ಣ ಮಗ, ಸೊಸೆ ಇದ್ದರು, ಅವರ ಜೊತೆ ಉಂಡು ಬರುತ್ತಿದ್ದರು. ಹೋದ ಸಲ ಮಂಡಿನೋವಿಗೆ ನಡೆಯಲು ಆಗುತ್ತಿರಲಿಲ್ಲ, ನನ್ನ ಬೈಕಿನ ಹಿಂದೆ ಕೂತು ಹೋದರು.

ಇನ್ನೊಂದು ಮಾತು ಬರೆಯಲೇಬೇಕು. ಮಣ್ಣಾದ ಮೂರನೇ ದಿನ ಕಾಕು ನಿಮ್ಮವ್ವನ ಹತ್ತಿರ ಹೇಳಿದರು: "ನಡುರಾತ್ರಿ ಎದ್ದು ಬಾಗಲದಾಗ ನಿಲ್ತಿದ್ರು. ನಲವತ್ತು ವರ್ಷ. ನಾನೂ ಏಳತಿದ್ದೆ, ಏನೂ ಕೇಳ್ತಿದ್ದಿಲ್ಲ. ಚಾ ಮಾಡಿ ಕೊಡತಿದ್ದೆ, ಕುಡದು ಮಲಗತಿದ್ರು. ಈಗ ಎಚ್ಚರ ಆಗತೈತಿ, ಚಾ ಯಾರಿಗೆ ಮಾಡ್ಲಿ?" ಪಕ್ಕದ ಮನೆಯಲ್ಲೇ ಇದ್ದೆವು ನಾವು. ಒಬ್ಬರಿಗೂ ಗೊತ್ತಿರಲಿಲ್ಲ. ಕಾಕು ಯುದ್ಧ ನೋಡಿಲ್ಲ, ಅವರ ಮದುವೆಯಾಗಿದ್ದೇ ಯುದ್ಧ ಮುಗಿದು ಎಷ್ಟೋ ವರ್ಷದ ಮೇಲೆ. ಆದರೂ ಅಷ್ಟು ರಾತ್ರಿ ಅವರೂ ಪಹರೆ ಕಾದಿದ್ದಾರೆ. ಅವರಿಗೆ ಯಾರೂ ಸೆಲ್ಯೂಟ್ ಹೊಡೆಯಲಿಲ್ಲ. ನೀನು ಅವರಿಗೆ ದಿನಾ ರಾತ್ರಿ ಒಂದು ಫೋನ್ ಮಾಡುತ್ತೀಯಾ?

2025ರ ಮೇ ತಿಂಗಳಲ್ಲಿ ಪಾಕಿಸ್ತಾನದ ಜೊತೆ ಕಾದಾಟ ನಡೆದ ಆ ನಾಲ್ಕು ದಿನ ಟಿವಿಯವರು ಸೈರನ್ ಸದ್ದು ಹಾಕಿ ಕಿರುಚುತ್ತಿದ್ದಾಗ ಕಾಕಾ ಎದ್ದು ಹೋಗಿ ಕಟ್ಟೆ ಮೇಲೆ ಕೂತಿದ್ದರು. ಅಲ್ಲಿ ನನ್ನ ಗೆಳೆಯನೂ ಇದ್ದ, ನಿನಗೆ ಗೊತ್ತಲ್ಲ, ಕುಂಟ ಮಾಮಾ ಅಂತ ಊರ ಹುಡುಗರು ಕರೆಯುತ್ತಾರೆ. ಇನ್ನು ಮೇಲೆ ನೀನು ಹಾಗೆ ಕರೆಯಬೇಡ. ಅವನು ಬೆಂಗಳೂರಿನ ಮದ್ರಾಸ್ ಸ್ಯಾಪರ್ಸ್‌ನಲ್ಲಿದ್ದ, 1987ರಲ್ಲಿ ಶಾಂತಿಪಾಲನೆಗೆ ಅಂತ ಶ್ರೀಲಂಕಾಗೆ ಕಳಿಸಿದರು. ನೆಲದಲ್ಲಿ ಹುಗಿದ ಬಾಂಬು ತೆಗೆಯುವ ಕೆಲಸ. ಜಾಫ್ನಾ ಹತ್ತಿರ ಕಾಲು ಹೋಯಿತು. ಪುಣೆಯ ಆರ್ಟಿಫಿಶಿಯಲ್ ಲಿಂಬ್ ಸೆಂಟರಿನಲ್ಲಿ ಕಾಲು ಹಾಕಿಸಿಕೊಂಡು ಬಂದಾಗ ಊರವರು ಕೇಳಿದ್ದು, "ಯಾರ ಜೋಡಿ ಯುದ್ಧ ಇತ್ತೋ ಅಲ್ಲಿ?" ಅವನಿಗೂ ಸರಿಯಾಗಿ ಹೇಳಲಾಗಲಿಲ್ಲ. ಅಲ್ಲಿ ನಮ್ಮ ಸುಮಾರು 1,200 ಜನ ಸತ್ತರು. 1990ರಲ್ಲಿ ಸೈನ್ಯ ವಾಪಸ್ ಬಂದ ಮೇಲೆ ಆ ಬಗ್ಗೆ ಯಾರೂ ಮಾತಾಡಲು ಇಷ್ಟಪಡಲಿಲ್ಲ, ಗೆದ್ದ ಯುದ್ಧ ಅಲ್ಲವಲ್ಲ. ದೆಹಲಿಯಲ್ಲಿ 2019ರಲ್ಲಿ ಆದ ರಾಷ್ಟ್ರೀಯ ಯುದ್ಧ ಸ್ಮಾರಕದ ಗೋಡೆಗಳ ಮೇಲೆ 25 ಸಾವಿರಕ್ಕೂ ಹೆಚ್ಚು ಹೆಸರುಗಳಿವೆ, ಶ್ರೀಲಂಕಾದಲ್ಲಿ ಸತ್ತವರದ್ದೂ ಇವೆ, 1971ರವರದ್ದೂ ಇವೆ. ತನ್ನ ಜೊತೆಗಾರರ ಹೆಸರು ಮುಟ್ಟಿ ನೋಡಬೇಕು ಅಂತ ಅವನಿಗೆ ಬಹಳ ಆಸೆ. ನಿನಗೆ ಟಿಕೆಟ್ ಬುಕ್ ಮಾಡಲು ಬರುತ್ತದೆ, ಮಾರ್ಚಿನಲ್ಲಿ ಮೂವರೂ ಹೋಗೋಣ. ಕಾಕಾನ ಗೆಳೆಯನ ಹೆಸರೂ ಅಲ್ಲೇ ಹುಡುಕಬೇಕು.

ಆದರೆ ಅದಕ್ಕೂ ಮೊದಲು ಎಳ್ಳಮಾವಾಸ್ಯೆ ಬರುತ್ತದೆ. ಆ ಹೊಲದವರು ಮೊನ್ನೆ ಬಂದಿದ್ದರು. "ಕಾಕಾ ಇಲ್ಲ, ಈ ಸಲ ಯಾರು ಬರ್ತೀರಿ?" ಅಂತ ಕೇಳಿದರು. ನಾನು, ನನ್ನ ಮಗಳು ಅಂದೆ. ನಿನ್ನನ್ನು ಕೇಳದೆ ಹೇಳಿಬಿಟ್ಟೆ. ಎರಡು ದಿನ ರಜೆ ಹಾಕು. ನಿಮ್ಮವ್ವ ಶೇಂಗಾ ಹೋಳಿಗೆ ಮಾಡುತ್ತಾಳೆ, ಕಾಕು ಎಣ್ಣೆಗಾಯಿ ಮಾಡಿಕೊಡುತ್ತೇನೆ ಅಂದಿದ್ದಾರೆ. ಹಿಂದಿನ ರಾತ್ರಿ ಬಸ್ಸು ಹತ್ತಿದರೆ ಬೆಳಿಗ್ಗೆ ಆರಕ್ಕೆ ಬಂದಿರುತ್ತೀಯ, ನಾನು ಸ್ಟ್ಯಾಂಡಿನಲ್ಲಿ ಬೈಕ್ ತಗೊಂಡು ನಿಂತಿರುತ್ತೇನೆ. ಹಳೇ ಚಪ್ಪಲಿ ಹಾಕಿಕೊಂಡು ಬಾ, ಅದು ಎರಿ ಹೊಲ.

ಇಂತಿ,
ನಿನ್ನ ಅಪ್ಪ